ಭಾವನ ಹದ್ದುಗಳು

ನಮ್ಮ ಭಾವನವರು ಬೆಳಿಗ್ಗೆ ಎದ್ದು ದೇವರ ಮುಖ ನೋಡುವುದಿಲ್ಲ. ಸತ್ತ ಹೆಗ್ಗಣದ ಮುಖ ನೋಡುತ್ತಾರೆ! ನಂಬದವರು ಯಲಹಂಕದ ಅಟ್ಟೂರಿನ ನಮ್ಮ ಬಡಾವಣೆಗೆ ಸರಿಯಾಗಿ ಐದೂವರೆಗೆ ಬನ್ನಿ. ಐದೂ ಮುಕ್ಕಾಲಿಗೆ ಬಂದರೆ ಬಾಗಿಲು ತೆರೆಯಲು ನಾನಿರುವುದಿಲ್ಲ, ವಾಕಿಂಗಿಗೆ ಹೋಗಿರುತ್ತೇನೆ.

ಲೋಕಕ್ಕೆಲ್ಲ ನವಿಲು, ಗಿಳಿ ಇಷ್ಟ. ಇವರಿಗೆ ಹದ್ದು, ಕಾಗೆ! "ನೀನು ಸ್ನಾನ ಮಾಡಿ ನಿನ್ನೊಬ್ಬನ್ನ ಶುಚಿ ಮಾಡ್ಕೋತೀಯ. ಹದ್ದು ಊರನ್ನೇ ಶುಚಿ ಮಾಡುತ್ತೆ ಕಣೋ! ಅದು ಒಂದು ವಾರ ರಜಾ ಹಾಕಿದ್ರೆ ಯಲಹಂಕ ಪೂರ್ತಿ ಮೂಗು ಮುಚ್ಕೊಂಡು ಓಡಾಡ್ಬೇಕು" ಎನ್ನುತ್ತಾರೆ. ಎನ್ನಲಿ, ಬೇಡವೆಂದವರಾರು? ಆದರೆ ಮೊಮ್ಮಗನ ನಾಮಕರಣದ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿನಲ್ಲಿ, ಕೊಳೆತದ್ದು ಹದ್ದಿನ ಹೊಟ್ಟೆಯಲ್ಲಿ ಹೇಗೆ ಕರಗುತ್ತದೆಂದು ಬೀಗರಿಗೆ ವಿವರಿಸಬೇಕೆ? ಆ ಪಂಕ್ತಿಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡವರು ಅವರೊಬ್ಬರೇ!

"ನಾನು ಹದ್ದಾಗಿ ಹುಟ್ಟಿದ್ರೆ ನನ್ನನ್ನೂ ಚೆನ್ನಾಗಿ ನೋಡ್ಕೋತಿದ್ರೇನೋ" ಎಂದು ನನ್ನ ಅಕ್ಕ ಗೊಣಗುತ್ತಾಳೆ.

ಈ ವರ್ಷ ಪಾರ್ಕಿನ ನೀಲಗಿರಿ ಮರದಲ್ಲಿ ಹದ್ದು ಎರಡು ಮರಿ ಮಾಡಿತು. ಅದೇ ವಾರ ಹೆಗ್ಗಣಗಳು ಮೂರು ಕಾರುಗಳ ವೈರು ಕಡಿದವು. ಬಡಾವಣೆ ಸಂಘದ ಕಾರ್ಯದರ್ಶಿ ನಾನೇ. ಮೋರಿಗಳುದ್ದಕ್ಕೂ ಪಾಷಾಣ ಇಡಿಸಿದೆ. ಭಾವ ಓಡಿ ಬಂದರು.

"ವಿಷ ತಿಂದ ಹೆಗ್ಗಣಾನ ತಾಯಿ ಹದ್ದು ಮರಿಗಳಿಗೆ ತಿನ್ಸುತ್ತೆ. ನಿಲ್ಸೋ!"

"ಸಭೆಯಲ್ಲಿ ತೀರ್ಮಾನ ಆಗಿದೆ ಭಾವ. ಬದಲಾಯಿಸ್ಬೇಕು ಅಂದ್ರೆ ಮುಂದಿನ ಸಭೆ."

"ಅಲ್ಲೀವರೆಗೂ ಉಪವಾಸ ಇರಿ ಅಂತ ಹದ್ದಿಗೆ ನೋಟೀಸ್ ಕಳಿಸಿದ್ಯಾ?"

ಮರುದಿನದಿಂದ ಇಕ್ಕಳ, ಚೀಲ ಹಿಡಿದು ಹೊರಟರು. ಹದ್ದಿಗಿಂತ ಮೊದಲೇ ಸತ್ತ ಹೆಗ್ಗಣಗಳನ್ನು ಹೆಕ್ಕಿ ಹೂಳುವ ಕೆಲಸ! ಆ ಚೀಲ ತಾನು ಸೊಪ್ಪು ತರುವ ಚೀಲವೆಂದು ಅಕ್ಕನಿಗೆ ತಿಳಿದದ್ದು ನಾಲ್ಕನೆಯ ದಿನ. ಅಂದು ಅವರ ಮನೆಯಲ್ಲಿ ಸಾರೂ ಇಲ್ಲ, ಮಾತೂ ಇಲ್ಲ!

ಅಷ್ಟರಲ್ಲಿ ಭಾವನಿಗೆ ಕಣ್ಣಿನ ಪೊರೆಯ ಆಪರೇಷನ್. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಒಂದು ವಾರ ಬಗ್ಗುವಂತಿಲ್ಲ. ಮನುಷ್ಯ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. "ಇವತ್ತು ಯಾರು ಹೆಕ್ಕಿದ್ರು? ಮೋರಿ ಪಕ್ಕ ನೋಡಿದ್ರಾ?" ಕಾಟ ತಾಳಲಾರದೆ ಮೂರನೆಯ ದಿನ ವಾಕಿಂಗ್ ಬಿಟ್ಟು ಇಕ್ಕಳ ನಾನೇ ಹಿಡಿದೆ.

ನೀಲಗಿರಿ ಮರದ ಕೆಳಗೆ ಅರ್ಧ ತಿಂದ ಹೆಗ್ಗಣವಿತ್ತು. ಅದರ ಪಕ್ಕದಲ್ಲೇ ಹದ್ದಿನ ಮರಿಯೊಂದು ಸತ್ತು ಬಿದ್ದಿತ್ತು. ಒಂದು ಗಾಯವೂ ಇಲ್ಲ. ರೆಕ್ಕೆಗೆ ಗರಿ ಇನ್ನೂ ಪೂರ್ತಿ ಬಂದಿರಲಿಲ್ಲ. ಇಕ್ಕಳ ಪಕ್ಕಕ್ಕಿಟ್ಟೆ. ಮರಿಯನ್ನು ಎರಡೂ ಕೈಯಲ್ಲಿ ಎತ್ತಿ ಹೂತೆ.

ಭಾವ ಗೇಟಿನಲ್ಲೇ ಕಾಯುತ್ತಿದ್ದರು.

"ಮರಿ ಎರಡೂ ಆರಾಮಾ?"

"ಎರಡೂ ಆರಾಮ, ಭಾವ."

ಅವರು ತಡಕಾಡಿ ನನ್ನ ಕೈ ಹಿಡಿದರು. ಹಿಡಿದೇ ಇದ್ದರು.

"ಕೈಯೆಲ್ಲ ಮಣ್ಣು ಕಣೋ, ಇಕ್ಕಳ ಹಿಡೀಲಿಲ್ವಾ" ಎಂದರು, ಮೆಲ್ಲಗೆ. "ಬಾ, ಮೊದಲು ಕೈ ತೊಳ್ಕೊಂಡು ಕಾಫಿ ಕುಡಿ. ಆಮೇಲೆ ವಿಷ ಎಲ್ಲೆಲ್ಲಿ ಇಡ್ಸಿದ್ದೀಯೋ ಅಲ್ಲೆಲ್ಲ ಹೋಗೋಣ. ನೀನು ಬಗ್ಗಿ ತೆಗಿ, ನಾನು ಚೀಲ ಹಿಡ್ಕೋತೀನಿ. ಇನ್ನೊಂದು ಮರಿ ಇದ್ಯಲ್ಲ."