ಗುಳಿಯ ಪಕ್ಕದ ಸೀಟು

ಹಾಲು ಉಕ್ಕಿಸದೆ ನನ್ನ ಬೆಳಗು ಆರಂಭವಾಗುವುದಿಲ್ಲ. ಅದೂ ಒಲೆಯ ಮುಂದೆ ನಿಂತೇ ಉಕ್ಕಿಸುತ್ತೇನೆ. ಇವತ್ತೂ ಕಿಟಕಿಯಾಚೆ ಬಟ್ಟೆ ತಂತಿಯ ಮೇಲೆ ಜೋಲಾಡುವ ಗುಬ್ಬಿಯನ್ನು ನೋಡುತ್ತಿದ್ದೆ. ಒಲೆ ಸುಂಯ್ ಎಂದು ಆರಿತು. ರೊಟ್ಟಿಯ ಹಿಟ್ಟು ನಾದುತ್ತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಮಾನ್ವಿ ಮಂದಿ ತಲಿಯಾಗ ಏನೂ ನಿಂದ್ರಂಗಿಲ್ಲ ಬೇ. ನಮ್ಮ ದೇವದುರ್ಗದಾಗ ಹಿಂಗಿಲ್ಲ" ಎಂದರು. ಅತ್ತೆ ನನ್ನ ಅಪ್ಪನ ಸ್ವಂತ ಅಕ್ಕ. ಹುಟ್ಟಿದ್ದು ಮಾನ್ವಿಯ ನಮ್ಮ ಮನೆಯಲ್ಲೇ. ಮದುವೆಯಾಗಿ ದೇವದುರ್ಗಕ್ಕೆ ಹೋದವರು, ಮುಂದೆ ತಮ್ಮನ ಮಗಳಾದ ನನ್ನನ್ನೇ ಸೊಸೆ ಮಾಡಿಕೊಂಡರು. ಅಂದಿನಿಂದ ಮಾನ್ವಿ ಅವರಿಗೆ ಬರೀ ಬೀಗರ ಊರು. ಇದನ್ನು ಅವರಿಗೆ ನೆನಪಿಸುವ ಧೈರ್ಯವೊಂದನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಲಿಲ್ಲ.

ನಾಳೆ ಮಗಳು ಪಲ್ಲವಿಗೆ ಪಿಯುಸಿ ಜೀವಶಾಸ್ತ್ರದ ಪರೀಕ್ಷೆ. "ಮಮ್ಮಿ, ಲಿಂಕೇಜ್ ಅಂದ್ರ ಏನು? ಮತ್ತ ಮರ್ತೀನಿ" ಎಂದು ಪುಸ್ತಕ ಹಿಡಿದು ಬಂದಳು. ಕ್ರೋಮೋಸೋಮು ಒಂದು ಬಸ್ಸು, ಜೀನುಗಳು ಅದರಲ್ಲಿ ಕುಳಿತವರು ಎಂದೆ. "ಜಾಲಹಳ್ಳಿಯಾಗ ಒಂದ ಸೀಟಿನಾಗ ಕುಂತವರು ರಾಯಚೂರಿನಾಗ ಕೂಡೇ ಇಳೀತಾರ. ಕಲ್ಮಲದಾಗ ಎರಡು ಬಸ್ ಜೋಡಿ ನಿಂತು ಹಿಂದಿನ ಮಂದಿ ಅದಲುಬದಲಾದ್ರ, ದೂರ ದೂರ ಕುಂತವರು ಅಗಲ್ತಾರ. ಎಷ್ಟು ಸಲ ಅಗಲ್ತಾರ ನೋಡಿ, ನಡುವ ಎಷ್ಟು ದೂರ ಅದ ಅಂತ ನಕಾಶಿ ಬರೀತಾರ."

ಪಲ್ಲವಿ ನಕ್ಕಳು. ಕೆನ್ನೆಯಲ್ಲಿ ಥೇಟ್ ನನ್ನದೇ ಗುಳಿ. ಅವಳು ಹುಟ್ಟಿದಾಗಿನಿಂದ ಅದೊಂದೇ ನನ್ನ ಹೆಮ್ಮೆ. ಚಹಾ ಮುಗಿಯುವಷ್ಟರಲ್ಲಿ, "ಮಮ್ಮಿ, ಬಸ್ಸು ನೆನಪದ. ಅದರಾಗ ಕುಂತವರು ಯಾರು?" ಎಂದಳು. ಗುಳಿಯ ಪಕ್ಕದ ಸೀಟಿನಲ್ಲೇ ನನ್ನ ಮರೆವೂ ಕುಳಿತು ಬಂದಿದ್ದರೆ? ಇಬ್ಬರೂ ಎಲ್ಲೂ ಅಗಲದೆ ಇವಳಲ್ಲೇ ಇಳಿದಿದ್ದರೆ, ಓದಿ ತಾನೇ ಏನಾದೀತು? ಮಗಳ ಪರೀಕ್ಷೆಯನ್ನು ಅವಳು ಹುಟ್ಟುವ ಮೊದಲೇ ನಾನು ಕೆಡಿಸಿದ್ದೆ. ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ; ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ಒಂದು ಕಾರಣ.

ಸಂಜೆ ಪಕ್ಕದ ಮನೆಯ ಮಲ್ಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಅಷ್ಟರಲ್ಲಿ ಹಾಲಿನ ಕೆಲಸ ನನ್ನ ಕೈತಪ್ಪಿತ್ತು. "ನೀ ಆಕಡಿ ಸರಿ ಬೇ" ಎಂದು ಅತ್ತೆಯೇ ಒಲೆಗಿಟ್ಟಿದ್ದರು. ನಾನು ಮಲ್ಲಮ್ಮನ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಬಸ್ಸು, ಗುಳಿ, ಮರೆವು ಎಲ್ಲವನ್ನೂ ಹೇಳಿದೆ. ಅತ್ತೆ ಒಳಗಿಂದ ಬಂದು, "ಗುಳಿ ನಮ್ಮ ದೇವದುರ್ಗದ್ದು, ಮರೆವು ಮಾನ್ವಿದು. ಎರಡೂ ಬ್ಯಾರೆ ಬ್ಯಾರೆ ಬಸ್ಸು!" ಎಂದು ಗೆದ್ದವರಂತೆ ನಕ್ಕರು. ಪಲ್ಲವಿಯೂ ನಕ್ಕಳು. ಅಳುತ್ತಿದ್ದ ನನಗೂ ನಗು ಬಂತು.

ಮಲ್ಲಮ್ಮ ನಮ್ಮ ಮೂವರ ಮುಖವನ್ನೂ ನೋಡಿದರು.

"ಮೂರೂ ಮಂದಿ ಗಲ್ಲದಾಗ ಗುಳಿ ಬೀಳಿಸ್ಕೊಂಡು ನಕ್ಕೋತ ನಿಂತೀರಲ್ರೀ. ಒಳಗ ಹಾಲು ಉಕ್ಕಿ ಹೊಂಟದ" ಎಂದರು.