ಮೂಗಿನ ಮುಂದೆ ಬಂದ ಕಾರು

"ನೀಲವ್ವಾ, ಲಗೂನ ಹೊರಗ ಬಾ! ಇನ್ನ ಮ್ಯಾಲ ಒಂದ ಹಕ್ಕಿನೂ ಕಾರಿಗೆ ಸಿಕ್ಕು ಸಾಯಂಗಿಲ್ಲ!"

ಎದುರುಮನೆಯ ಮುರಿಗೆಪ್ಪಣ್ಣ ಕೂಗಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಸ್ ಡ್ರೈವರ್ ಆಗಿ ನಿವೃತ್ತರಾದವರು ಕಟ್ಟೆಯ ಮೇಲೆ ಕೂತು ಸುಮ್ಮನೆ ಎಲೆಯಡಿಕೆ ಹಾಕಬಾರದೇ? ಇವರಿಗೆ ಯಂತ್ರ ಮಾಡುವ ಹುಚ್ಚು! ಹಿಟ್ಟಿನ ಕೈಯಲ್ಲೇ ಹೋದೆ. ತಮ್ಮ ಹಳೆಯ ಕಾರಿನ ಮೂತಿಗೆ ಒಂದು ಹೊಳೆಯುವ ಡಬ್ಬಿ ಕಟ್ಟಿದ್ದರು.

"ಏನ್ರೀ ಅಣ್ಣಾರ ಇದು?"

"ಹಕ್ಕಿ ದೂರ ಅಷ್ಟ ನೋಡ್ತೈತಿ, ಸ್ಪೀಡ್ ನೋಡಂಗಿಲ್ಲ. ಗಾಡಿ ಇಷ್ಟು ಮಾರು ದೂರಕ್ಕ ಬಂತಂದ್ರ ಹಾರೂದು, ಅದಷ್ಟ ಅದರ ಲೆಕ್ಕ. ಎತ್ತಿನ ಗಾಡಿಗೆ ಅದು ಸಾಕು, ಕಾರಿಗೆ ಎಲ್ಲಿ ಸಾಲ್ತೈತಿ? ಈ ಡಬ್ಬಿ ಕಣ್ಣಿಗೆ ಬಿತ್ತಂದ್ರ ದೂರದ ಕಾರು ಮೂಗಿನ ಮುಂದ ಬಂದಂಗ ಕಾಣ್ತೈತಿ!"

ನಾನು ನಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರ ಜೊತೆ ಉಣ್ಣುತ್ತಿದ್ದದ್ದು ಗೊರವಂಕಗಳು ಮಾತ್ರ. ತಾಟಿನ ಅಂಚಿನಲ್ಲಿ ಕೂತು ರೊಟ್ಟಿ ಕುಕ್ಕುತ್ತಿದ್ದವು. ಲಾರಿಗಳಿಂದ ಉದುರಿದ ಗೋವಿನಜೋಳಕ್ಕೆಂದು ರಸ್ತೆಗಿಳಿದು ಒಂದೊಂದೇ ಸಾಯುತ್ತಿದ್ದವು. ಒಂದನ್ನು ಟವೆಲಿನಲ್ಲಿ ಸುತ್ತಿ ತಂದು ಅವರು ಬಿಕ್ಕಿ ಬಿಕ್ಕಿ ಅತ್ತಿದ್ದರು.

ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಗದಗ ರಸ್ತೆಗೆ ಹೊರಟರು. ಸ್ವಿಚ್ ಒತ್ತಿದ್ದೇ ತಡ, ರಸ್ತೆಯ ಹಕ್ಕಿಗಳೆಲ್ಲ ದೂರದಿಂದಲೇ ಫರ್ರನೆ ಹಾರಿಹೋದವು!

"ಹೆಂಗ?" ಎಂದು ಮೀಸೆ ತಿರುವಿದರು.

ಆಮೇಲೆ ಕುರಿಗಳು ಓಡಿದವು. ಕುರಿ ಕಾಯುವವನೂ ಓಡಿದ. ಎದುರಿಗೆ ಬಂದ ಬಸ್ಸು ಹಿಂದಕ್ಕೆ ಹಿಂದಕ್ಕೆ ಹೋಗಿ ಹೊಲಕ್ಕಿಳಿಯಿತು. ಪೊಲೀಸಪ್ಪನೊಬ್ಬ ಬೇವಿನ ಮರ ಹತ್ತಿ ಅಲ್ಲಿಂದಲೇ ಸೀಟಿ ಊದಿದ!

"ಬಂದ್ ಮಾಡ್ರೀ, ನಿಮ್ಮ ಡಬ್ಬಿಗೆ ಬೆಂಕಿ ಹಚ್ಚ!"

"ಒತ್ತಾಕತ್ತೇನವ್ವಾ, ಬಂದ್ ಆಗವಲ್ದು!"

ಕೆಳಗಿಳಿದು ಕಲ್ಲಿನಿಂದ ಜಜ್ಜಿದರು. ಢಂ! ಒಳಗಿದ್ದ ಹೊಳೆಯುವ ಪುಡಿಯೆಲ್ಲ ಅವರ ತಲೆಗೆ, ಮೀಸೆಗೆ ಮೆತ್ತಿಕೊಂಡಿತು. ಸೋಪು, ಸೀಗೆಕಾಯಿ, ಸೀಮೆಎಣ್ಣೆ, ಯಾವುದಕ್ಕೂ ಹೋಗಲಿಲ್ಲ. ರುಮಾಲು ಸುತ್ತಿಕೊಂಡರೆ ಹೊಳಪು ರುಮಾಲಿಗೂ ಹತ್ತಿತು.

ಈಗ ಕಾರಲ್ಲ, ಮುರಿಗೆಪ್ಪಣ್ಣನೇ ಎಲ್ಲರ ಮೂಗಿನ ಮೇಲೆ ಬಿದ್ದಂತೆ ಕಾಣುತ್ತಾರೆ. ಕಂಡರೆ ಸಾಕು, ನನ್ನ ಕಾಲುಗಳು ತಾವಾಗಿಯೇ ಹಿಂದಕ್ಕೆ ಓಡುತ್ತವೆ. ಕ್ಷೌರದವನು ಬರುವುದಿಲ್ಲ, ಹಾಲಿನವನು ಬರುವುದಿಲ್ಲ. ಕಣ್ಣು ಮುಚ್ಚಿಕೊಂಡು ರೊಟ್ಟಿ ಕೊಡಲು ಹೋದ ನಾನು ಗಟಾರಕ್ಕೆ ಬಿದ್ದೆ! ಅವರು ಒಳಗಿರುವಾಗ ಕಟ್ಟೆಯ ಮೇಲಿಟ್ಟು ಓಡಿಬರುತ್ತೇನೆ.

"ನಿಮ್ಮ ಗೊರವಂಕ ಎಲ್ಲಾ ಸಾಲಿ ಹಿಂದಿನ ಹುಣಸಿಮರದಾಗ ಅದಾವ್ರೀ!" ಎಂದು ಒಂದು ದಿನ ನಮ್ಮ ಕದದ ಹಿಂದಿನಿಂದಲೇ ಕೂಗಿದೆ. "ನೀವಿದ್ದೀರಂತ ಈ ರಸ್ತೆಗೆ ಇಳಿಯೂದ ಬಿಟ್ಟಾವು!"

"ಒಂದೂ ಸತ್ತಿಲ್ಲಲ್ಲ?"

"ಇಲ್ರೀ."

"ಸಾಕವ್ವಾ," ಎಂದರು. ಆ ಅಂಗಳದಲ್ಲಿ ಇನ್ನು ತಾಟು ಹಿಡಿದು ಅವರೊಬ್ಬರೇ ಕೂತು ಉಣ್ಣಬೇಕು. ನಾನೂ ಒಬ್ಬಳೇ ಉಣ್ಣುವವಳು, ಅದರ ರುಚಿ ನನಗೆ ಗೊತ್ತು.

ಮೊನ್ನೆ ಎಲ್ಲಿಂದಲೋ ಬಂದ ಕುರುಡು ನಾಯಿಯೊಂದು ನೆಟ್ಟಗೆ ಅವರ ಅಂಗಳಕ್ಕೆ ಹೋಗಿ ಕಾಲ ಬಳಿ ಮಲಗಿತಂತೆ. "ನೀಲವ್ವಾ, ನನ್ನ ಹಂತ್ಯಾಕ ಬಂದೈತಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅಂತೂ ದೇವರು ಕಣ್ಣು ಬಿಟ್ಟ ಎಂದು ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮರುದಿನ ಮತ್ತೆ ಕೂಗು.

"ನೀಲವ್ವಾ! ಪಾಪ, ಈ ನಾಯಿಗೆ ಕಣ್ಣ ಕಾಣಂಗಿಲ್ಲ. ಇದಕ್ಕ ಕಣ್ಣ ಬರಿಸೋ ಯಂತ್ರ ಶುರು ಮಾಡೀನಿ!"

ಬಾಯಿಗೆ ಬಂದಂತೆ ಬೈದೆ. ಕೇಳುವವರು ಯಾರು? ಈ ಯಂತ್ರವೂ ಕೆಡಲಪ್ಪಾ ಎಂದು ಬೇಡಿಕೊಂಡು, ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ ಬಂದೆ.