ಸದ್ದಿಲ್ಲದ ಫೋನಿನಲ್ಲಿ ಇಂಗ್ಲಿಷ್ ಕೋರ್ಸು

೧೯೮೮ರ ಜೂನ್ ಒಂದರಂದು ವಲಸಿಗರ ದೂರವಾಣಿ ಆಂಗ್ಲ ಶಿಕ್ಷಣ ಮಂಡಳಿಯು ಮುಂಬಯಿಯಲ್ಲಿ ತನ್ನ ಬೊರಿವಲಿ ಕೇಂದ್ರವನ್ನು ವಿಧ್ಯುಕ್ತವಾಗಿ ಉದ್ಘಾಟಿಸಿತು. ಗಾರೆ ಕೆಲಸದವರು ಶಾಲೆ ಹುಡುಕಿಕೊಂಡು ಹೋಗಬೇಕಿಲ್ಲ. ಮೇಷ್ಟ್ರು ಪರೇಲಿನ ಕಚೇರಿಯಿಂದ ಫೋನಿನಲ್ಲೇ ಪಾಠ ಹೇಳುತ್ತಾರೆ. ಕೇಂದ್ರಕ್ಕೆ ಹಸಿರು ಬಣ್ಣದ ಫೋನೂ ಬಂತು. ಲೈನು ಮಾತ್ರ ಬರಲಿಲ್ಲ. ಅರ್ಜಿ ಹಾಕಿತ್ತು, ಸರದಿ ಬರಲು ಏಳು ವರ್ಷವಿತ್ತು. ಅನುದಾನ ಹಾಜರಿಯ ಮೇಲೆ ಸಿಗುವಂಥದ್ದಾದ್ದರಿಂದ ಮಂಡಳಿ ಕಾಯಲಿಲ್ಲ.

ಸಿಂಧನೂರು ಕಡೆಯ ಮರೆಪ್ಪನೂ ಕಾಯುವಂತಿರಲಿಲ್ಲ. ಅವನು ಕಟ್ಟುತ್ತಿದ್ದ ಬಿಲ್ಡಿಂಗು ಆಗಸ್ಟಿಗೆ ಮುಗಿಯುತ್ತಿತ್ತು; ಮುಗಿದ ದಿನವೇ ಅವನ ತಗಡಿನ ಶೆಡ್ಡನ್ನು ಕೀಳುತ್ತಿದ್ದರು. ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ವಾಚ್‌ಮನ್ ಕೆಲಸ ಖಾಲಿಯಿತ್ತು, ಮೆಟ್ಟಿಲಡಿ ಇರಲು ಒಂದು ಖೋಲಿ ಸಹಿತ. ಇಂಗ್ಲಿಷ್ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ.

ಮೊದಲ ದಿನ ಮರೆಪ್ಪ ರಿಸೀವರನ್ನು ಒಂದು ಕಿವಿಗಿಟ್ಟ, ಇನ್ನೊಂದಕ್ಕಿಟ್ಟ, ಕೊಡವಿಯೂ ನೋಡಿದ.

"ಏನೂ ಕೇಳವಲ್ದಲ್ರೀ ಸಾಹೇಬ್ರ."

ಕೇಂದ್ರದ ಮೇಲ್ವಿಚಾರಕ ಸತ್ಯಮೂರ್ತಿ ನಿಯಮಾವಳಿ ತೆರೆದರು. "ನೋಡಪ್ಪಾ, ನಿಯಮ ನಾಲ್ಕು. 'ವಿದ್ಯಾರ್ಥಿಯು ದಿನವೊಂದಕ್ಕೆ ಹತ್ತು ನಿಮಿಷ ರಿಸೀವರನ್ನು ಕಿವಿಗೆ ಹಿಡಿದಿರತಕ್ಕದ್ದು.' ಕೇಳಿಸಿರತಕ್ಕದ್ದು ಅಂತ ಎಲ್ಲಾದ್ರೂ ಇದೆಯಾ?"

"ಇಲ್ರೀ."

"ಮತ್ತೆ ನೆಟ್ಟಗೆ ನಿಂತ್ಕೊಂಡು ಹಿಡ್ಕೊ. ಅಲ್ಲಿ ಪರೇಲಲ್ಲಿ ವೆಂಕಟಸುಬ್ಬಯ್ಯ ಮೇಷ್ಟ್ರು ಗಂಟಲು ಹರ್ಕೋತಿದಾರೆ, ಪಾಪ."

ಇದು ಶುದ್ಧ ಸತ್ಯ. ಮೇಷ್ಟ್ರ ಫೋನಿಗೂ ಲೈನಿರಲಿಲ್ಲ. ಆದರೂ ಅವರು ಒಂದು ಪಾಠ ತಪ್ಪಿಸಿದವರಲ್ಲ. ಒಮ್ಮೆ ನೆಗಡಿಯಾದಾಗ ಲೋಕಲ್ ರೈಲಿನಲ್ಲಿ ಆಳು ಕಳಿಸಿ, ಇವತ್ತು ಪಾಠವಿಲ್ಲವೆಂದು ತಿಳಿಸಿದರು. ಆಳು ಬರುವಷ್ಟರಲ್ಲಿ ಪಾಠ ಕೇಳಿ ಮುಗಿಸಿದ್ದ ಐವರ ಹಾಜರಿಯನ್ನು ಸತ್ಯಮೂರ್ತಿ ಹೊಡೆದುಹಾಕಿದರು. ಶಿಸ್ತು ಎಂದರೆ ಶಿಸ್ತು.

"ಏನ್ ಕಲ್ತಿ ಇವತ್ತ?" ಎಂದು ಹೆಂಡತಿ ಭಾಗವ್ವ ಕೇಳುತ್ತಿದ್ದಳು.

"ಬಾಯಿ ಮುಚ್ಕೊಂಡು ನಿಂದ್ರೂದು."

"ಅದನ್ನ ನಾ ಹತ್ ವರ್ಷದಿಂದ ಹೇಳಾಕತ್ತೀನಿ, ಫುಕಟ್!"

ಆಗಸ್ಟಿನಲ್ಲಿ ಪರೀಕ್ಷೆಯೂ ಫೋನಿನಲ್ಲೇ ಆಯಿತು. ಮರೆಪ್ಪನ ಉತ್ತರಗಳಲ್ಲಿ ಒಂದೇ ಒಂದು ತಪ್ಪೂ ಕೇಳಿಬರಲಿಲ್ಲವೆಂದು ಪರೇಲಿನಿಂದ ಟಪಾಲು ಬಂತು. ಪ್ರಥಮ ದರ್ಜೆ.

ಸರ್ಟಿಫಿಕೇಟ್ ಹಿಡಿದು ಅವನು ಹೋಟೆಲಿಗೆ ಹೋದಾಗ ಮ್ಯಾನೇಜರ್ ಶೇಖರನ ತಲೆ ಕೆಟ್ಟಿತ್ತು. ಮೂರನೇ ಮಹಡಿಯ ಗಿರಾಕಿ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದ. ಸರ್ಟಿಫಿಕೇಟ್ ಕಂಡಿದ್ದೇ ತಡ, "ಇಂಗ್ಲಿಷ್ ಬರುತ್ತಲ್ಲ? ತಗೊ, ನೀನೇ ಮಾತಾಡು!" ಎಂದು ರಿಸೀವರನ್ನು ಇವನ ಕೈಗೆ ತುರುಕಿದ.

ಮರೆಪ್ಪ ರಿಸೀವರನ್ನು ಕಿವಿಗಿಟ್ಟ. ಮೊದಲ ಸಲ ಫೋನಿನಲ್ಲಿ ಇಂಗ್ಲಿಷ್ ಕೇಳಿಸುತ್ತಿತ್ತು, ಒಂದಕ್ಷರ ತಿಳಿಯುತ್ತಿರಲಿಲ್ಲ. ಖೋಲಿ ಹೋಯಿತು ಅಂದುಕೊಂಡ. ಬೇರೆ ದಾರಿ ಕಾಣದೆ, ಕಲಿತಂತೆ ನೆಟ್ಟಗೆ ನಿಂತ. ಒಂದು ನಿಮಿಷ, ನಾಲ್ಕು, ಏಳು. ಗಿರಾಕಿ ಕೂಗಿದ, ಗೊಣಗಿದ, ತನ್ನ ತಾಯಿಯ ಕಾಯಿಲೆ ಹೇಳಿಕೊಂಡ, ಕೊನೆಗೆ 'ಥ್ಯಾಂಕ್ಯೂ' ಎಂದು ಫೋನಿಟ್ಟ.

"ಏನ್ ಹೇಳಿದೆಯಪ್ಪಾ ಅವನಿಗೆ?" ಶೇಖರ ಬೆರಗಾಗಿ ಕೇಳಿದ.

"ಏನೂ ಇಲ್ರೀ. ನಮ್ಮ ಕೋರ್ಸ್‌ನಾಗ ಅಷ್ಟು ದೂರ ಬಂದಿಲ್ರೀ."

ಅಂದೇ ಮರೆಪ್ಪ ದೂರು ವಿಭಾಗದ ಮುಖ್ಯಸ್ಥನಾದ. ವಾರ ಕಳೆದು ಭಾಗವ್ವ ಮೆಟ್ಟಿಲಡಿಯ ಖೋಲಿಯಲ್ಲಿ ಒಲೆ ಹೂಡಿದಳು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಂಟಕ್ಕೆ ಕೈಯಿಟ್ಟು ಗಂಡನನ್ನೂ ಹೋಟೆಲನ್ನೂ ಬೈದಳು. ಮರೆಪ್ಪ ನೆಟ್ಟಗೆ ನಿಂತು ಹತ್ತು ನಿಮಿಷ ಕೇಳಿಸಿಕೊಂಡ. ಅವಳಿಗೂ ಸಮಾಧಾನವಾಗಿ, ತೊಟ್ಟಿಕ್ಕುವಲ್ಲಿಗೆ ಒಂದು ಬಿಂದಿಗೆ ಇಟ್ಟಳು.